ತಟ್ಟೆಯ ಎದುರು ಕೂರುವ ಚಿಕಿತ್ಸೆ: ಈಟಿಂಗ್ ಡಿಸಾರ್ಡರ್‌ಗೆ ನಮ್ಮೂರಲ್ಲೇ ಹಗಲು ಆರೈಕೆ ಕಟ್ಟಿಕೊಳ್ಳುವುದು ಹೇಗೆ

ಎರಡು ರೊಟ್ಟಿ ಒಂದಾಗುತ್ತದೆ, ಒಂದು ಅರ್ಧವಾಗುತ್ತದೆ. ಮೊದಲು ತುಪ್ಪ ಬಿಡುತ್ತಾರೆ, ಆಮೇಲೆ ಅನ್ನ, ಆಮೇಲೆ ಎಲ್ಲರ ಜೊತೆ ಕೂತು ಉಣ್ಣುವುದನ್ನೇ ಬಿಡುತ್ತಾರೆ. ಕೇಳಿದರೆ "ಕಾಲೇಜಿನ್ಯಾಗ ಉಂಡ ಬಂದೀನಿ" ಎಂಬ ಉತ್ತರ. ಮನೆಯವರು ಮೊದಲು ಹೋಗುವುದು ಗ್ಯಾಸ್ಟ್ರಿಕ್ ನೋಡುವ ಡಾಕ್ಟರ ಹತ್ತಿರ. ಅಲ್ಲಿಂದ ಥೈರಾಯ್ಡ್ ಪರೀಕ್ಷೆಗೆ, ಮುಟ್ಟು ನಿಂತರೆ ಹೆಣ್ಣುಮಕ್ಕಳ ಡಾಕ್ಟರ ಹತ್ತಿರ, ನಡುವೆ ಯಾರೋ ಹೇಳಿದರೆಂದು ಒಂದು ತಾಯಿತ. ಇದು ಈಟಿಂಗ್ ಡಿಸಾರ್ಡರ್, ಮನಸ್ಸು ಮತ್ತು ದೇಹ ಎರಡನ್ನೂ ಹಿಡಿದ ಕಾಯಿಲೆ ಎಂದು ಗೊತ್ತಾಗುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ.

ಕಾಯಿಲೆಯಲ್ಲಿ ಬಗೆಗಳಿವೆ. ತೂಕದ ಭಯದಿಂದ ಉಣ್ಣುವುದನ್ನೇ ಕಡಿಮೆ ಮಾಡುವುದು ಅನೊರೆಕ್ಸಿಯಾ. ಹಿಡಿತ ತಪ್ಪಿ ತಿಂದು, ಆಮೇಲೆ ವಾಂತಿ, ಜುಲಾಬು ಅಥವಾ ಉಪವಾಸದಿಂದ ಅದನ್ನು ಸರಿದೂಗಿಸಲು ನೋಡುವುದು ಬುಲಿಮಿಯಾ. ಹಾಗೆಯೇ ತಿಂದು, ಆದರೆ ಹೊರಹಾಕದೆ, ನಾಚಿಕೆಯಲ್ಲಿ ಒಳಗೇ ನೋಯುವುದು ಬಿಂಜ್ ಈಟಿಂಗ್. ತೂಕದ ಚಿಂತೆಯೇ ಇಲ್ಲದೆ ರುಚಿ, ವಾಸನೆ, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯಕ್ಕೆ ಆಹಾರ ಬಿಡುವುದು ಅರ್ಫಿಡ್. ಹುಡುಗಿಯರ ಕಾಯಿಲೆ ಎಂಬ ಮಾತು ಅರ್ಧ ಸತ್ಯ. ತೂಕದ ವರ್ಗಕ್ಕಾಗಿ ಊಟ ಬಿಡುವ ಗರಡಿಮನೆಯ ಪೈಲ್ವಾನ, ಹಗುರಾದರೆ ವೇಗ ಹೆಚ್ಚುತ್ತದೆಂದು ನಂಬಿದ ವಿಜಯಪುರದ ಸೈಕಲ್ ಹುಡುಗ ಕೂಡ ಇದರಲ್ಲಿ ಬೀಳುತ್ತಾರೆ. ಅವರಲ್ಲಿ ಗುರುತಿಸುವುದು ಇನ್ನೂ ತಡ, ಏಕೆಂದರೆ ನಿಧಾನವಾದ ನಾಡಿಯನ್ನು ಕಂಡು "ಆಟಗಾರನ ಹೃದಯ" ಎಂದು ಬೆನ್ನು ತಟ್ಟುತ್ತಾರೆ.

ಇದಕ್ಕೆ ಹಗಲು ಚಿಕಿತ್ಸೆ ಎಂಬ ಒಂದು ಕ್ರಮವಿದೆ. ರೋಗಿ ಬೆಳಿಗ್ಗೆ ಬಂದು, ದಿನದ ಹೆಚ್ಚಿನ ಊಟಗಳನ್ನು ತರಬೇತಿ ಇರುವವರ ಎದುರು ಉಂಡು, ಮಾತಿನ ಚಿಕಿತ್ಸೆ ಪಡೆದು, ಸಂಜೆ ಮನೆಗೆ ಹೋಗುತ್ತಾರೆ. ವಾರಕ್ಕೆ 5 ದಿನ, ದಿನಕ್ಕೆ 6ರಿಂದ 8 ತಾಸು ಇರುವುದು ಇದರ ಪೂರ್ತಿ ರೂಪ. ವಾರಕ್ಕೆ 3 ದಿನ, ದಿನಕ್ಕೆ 3 ತಾಸು ಇರುವುದು ಹಗುರ ರೂಪ. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಈ ಹೆಸರಿನ ಬೋರ್ಡು ಹುಡುಕುತ್ತ ಅಲೆದರೆ ದಿನಗಳು ಸುಮ್ಮನೆ ಹೋಗುತ್ತವೆ. ಬೋರ್ಡು ಬಿಡಿ, ಭಾಗಗಳನ್ನು ಹುಡುಕಿ. ದೇಹ ನೋಡುವ ವೈದ್ಯರು, ಮನೋವೈದ್ಯರು, ಆಹಾರ ತಜ್ಞರು, ಮಾತಿನ ಚಿಕಿತ್ಸೆ ಮಾಡುವವರು, ಮತ್ತು ತಟ್ಟೆಯ ಎದುರು ಕೂರುವ ಒಬ್ಬರು. ಮೊದಲ ನಾಲ್ಕು ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಸಿಗುತ್ತವೆ. ಐದನೆಯದು ನೀವು.

ಕ್ಯಾಲೊರಿ ಲೆಕ್ಕವನ್ನೂ ಯಾರ ತೂಕದ ಅಂಕಿಯನ್ನೂ ಇಲ್ಲಿ ಬೇಕಂತಲೇ ಕೊಟ್ಟಿಲ್ಲ. ಈ ಬರಹವನ್ನು ಮನೆಯಲ್ಲಿ ಮಗಳೂ ಓದಬಹುದು.

ಮೊದಲು ನಾಡಿ, ಆಮೇಲೆ ಮಾತು

ಹಗಲು ಚಿಕಿತ್ಸೆ ಎಲ್ಲರಿಗೂ ಅಲ್ಲ. ದೇಹ ಅಪಾಯದಲ್ಲಿದ್ದರೆ ಮೊದಲು ವಾರ್ಡಿಗೆ ಸೇರಬೇಕು. ಇದನ್ನು ತೀರ್ಮಾನಿಸುವುದು ತೆಳ್ಳಗೆ ಕಾಣುವುದರಿಂದ ಅಲ್ಲ. ಮೊದಲು ದಪ್ಪಗಿದ್ದು ಕೆಲವೇ ತಿಂಗಳಲ್ಲಿ ಬಹಳ ಇಳಿದವರು ನೋಡಲು "ಸರಿಯಾಗಿ" ಕಂಡರೂ ಅವರ ಹೃದಯ ಸೊರಗಿರಬಹುದು. ಎಷ್ಟು ಇಳಿದಿದ್ದಾರೆ, ಎಷ್ಟು ಬೇಗ ಇಳಿದಿದ್ದಾರೆ ಎಂಬುದೇ ಮುಖ್ಯ.

ಒಪಿಡಿಯಲ್ಲಿ ಈ ಪರೀಕ್ಷೆಯನ್ನು ಕೇಳಿ ಮಾಡಿಸಿ. 5 ಮಿನಿಟು ಮಲಗಿಸಿ ನಾಡಿ ಮತ್ತು ಬಿಪಿ ನೋಡಬೇಕು, ಎದ್ದು ನಿಂತು 2-3 ಮಿನಿಟಿನ ನಂತರ ಮತ್ತೆ ನೋಡಬೇಕು. ಕುರ್ಚಿಯಲ್ಲಿ ಕೂರಿಸಿ ಒಂದೇ ಸಲ ನೋಡಿದರೆ ಅರ್ಧ ವಿಷಯ ಕಾಣುವುದೇ ಇಲ್ಲ. ಹದಿಹರೆಯದವರಲ್ಲಿ ಹಗಲು ಎಚ್ಚರವಿದ್ದಾಗಲೇ ನಾಡಿ 50ಕ್ಕಿಂತ ಕೆಳಗಿದ್ದರೆ, ಮೇಲಿನ ಬಿಪಿ 90ಕ್ಕಿಂತ ಕಡಿಮೆ ಇದ್ದರೆ, ನಿಂತಾಗ ನಾಡಿ 20ಕ್ಕಿಂತ ಹೆಚ್ಚು ಏರಿದರೆ ಅಥವಾ ಮೇಲಿನ ಬಿಪಿ 20ಕ್ಕಿಂತ ಹೆಚ್ಚು ಕುಸಿದರೆ, ಮೈ ಕಾವು 96 ಫ್ಯಾರನ್‌ಹೀಟ್ ಮುಟ್ಟದಿದ್ದರೆ, ಅವತ್ತೇ ದಾಖಲು ಮಾಡುವ ಮಾತಾಡಬೇಕು. ತಲೆತಿರುಗಿ ಬಿದ್ದಿದ್ದರೆ, ವಾಂತಿಯಲ್ಲಿ ರಕ್ತ ಬಂದಿದ್ದರೆ, ಫಿಟ್ಸ್ ಬಂದಿದ್ದರೆ, ಊಟ-ನೀರು ಎರಡನ್ನೂ ಪೂರ್ತಿ ಬಿಟ್ಟಿದ್ದರೆ, ಸಾಯುವ ಮಾತಾಡುತ್ತಿದ್ದರೆ ಒಪಿಡಿ ಚೀಟಿಯ ಸಾಲಿನಲ್ಲಿ ನಿಲ್ಲದೆ ನೇರ ತುರ್ತು ವಿಭಾಗಕ್ಕೆ ಹೋಗಿ. 108 ಇದೆ.

ಇಸಿಜಿ ಬೇಕೇ ಬೇಕು. ಅದರಲ್ಲಿ ಹೃದಯದ ಬಡಿತ ತಪ್ಪುವ ಅಪಾಯ ತೋರಿಸುವ ಕ್ಯೂಟಿಸಿ ಎಂಬ ಅಂಕಿ 450 ಮಿಲಿಸೆಕೆಂಡ್ ದಾಟಿದ್ದರೆ ವೈದ್ಯರ ಗಮನಕ್ಕೆ ತನ್ನಿ. ಇಂಥವರಿಗೆ ವಾಂತಿ ನಿಲ್ಲಿಸಲು ಸಾಮಾನ್ಯವಾಗಿ ಕೊಡುವ ಓಂಡಾನ್ಸೆಟ್ರಾನ್ ಗುಳಿಗೆಯೂ ಆ ಅಂಕಿಯನ್ನು ಇನ್ನಷ್ಟು ಏರಿಸಬಲ್ಲದು. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ, ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಸಿಬಿಸಿ ನೋಡಬೇಕು, ಇವುಗಳ ಜೊತೆ ಫಾಸ್ಫರಸ್ ಮತ್ತು ಮೆಗ್ನೀಸಿಯಂ. ಕೊನೆಯ ಎರಡನ್ನು ಹೆಸರು ಹಿಡಿದು ಕೇಳಿ. ಲ್ಯಾಬಿನವರ ಸಾಮಾನ್ಯ ಪ್ಯಾಕೇಜಿನಲ್ಲಿ ಅವು ಹೆಚ್ಚಾಗಿ ಇರುವುದಿಲ್ಲ, ಆದರೆ ಮುಂದೆ ಜೀವ ಉಳಿಸುವುದು ಅವೇ. ವಾಂತಿ ಮಾಡಿಕೊಳ್ಳುವವರಲ್ಲಿ ಪೊಟ್ಯಾಸಿಯಂ 3.5ಕ್ಕಿಂತ ಇಳಿದರೆ ಹೃದಯದ ಬಡಿತ ತಪ್ಪುವ ಭಯವಿದೆ. ಇನ್ನೊಂದು ಮಾತು: ರಿಪೋರ್ಟು ಎಲ್ಲ ನಾರ್ಮಲ್ ಬಂದರೆ "ಏನೂ ಇಲ್ಲ" ಎಂದರ್ಥವಲ್ಲ. ಹಸಿದ ದೇಹ ರಕ್ತದ ಅಂಕಿಗಳನ್ನು ಕೊನೆಯ ತನಕ ಹಿಡಿದು ನಿಲ್ಲಿಸಿಕೊಂಡಿರುತ್ತದೆ.

ಸಲಾಯನ್ ಹಚ್ಚುವ ಮುಂಚೆ

ನಮ್ಮ ಕಡೆ ನಿಶ್ಶಕ್ತಿ ಎಂದರೆ ಸಲಾಯನ್. ಮಗಳು ನಾಲ್ಕು ದಿನ ಉಂಡಿಲ್ಲ ಎಂದ ಕೂಡಲೇ ಓಣಿಯ ದವಾಖಾನೆಯಲ್ಲಿ ಎರಡು ಬಾಟಲಿ ಗ್ಲೂಕೋಸ್ ಏರಿಸಿ ಕಳಿಸುತ್ತಾರೆ. ಬಹಳ ದಿನ ಹಸಿದ ದೇಹಕ್ಕೆ ಇದು ಅಪಾಯ. ಸಕ್ಕರೆ ಒಮ್ಮೆಲೇ ಒಳಗೆ ಹೋದಾಗ ಇನ್ಸುಲಿನ್ ಏರುತ್ತದೆ. ಅದರೊಂದಿಗೆ ರಕ್ತದಲ್ಲಿದ್ದ ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಗೆ ಸರಿದು ರಕ್ತದಲ್ಲಿ ಬರಿದಾಗುತ್ತವೆ, ಇದ್ದಬದ್ದ ಥಯಾಮಿನ್ (ವಿಟಮಿನ್ ಬಿ1) ಮುಗಿಯುತ್ತದೆ. ಹೃದಯ ಸೋಲಬಹುದು, ಉಸಿರು ಕಟ್ಟಬಹುದು, ಗೊಂದಲ ಹತ್ತಬಹುದು. ವೈದ್ಯರು ಇದನ್ನು ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಹೆಚ್ಚಾಗಿ ಊಟ ಶುರುವಾದ ಮೊದಲ ವಾರದಲ್ಲೇ ಬರುತ್ತದೆ. ಅದಕ್ಕೇ ಗ್ಲೂಕೋಸಿಗೆ ಮುಂಚೆ ಥಯಾಮಿನ್ ಕೊಡಬೇಕು, ಫಾಸ್ಫರಸ್ ನೋಡಬೇಕು. ಬಹಳ ಇಳಿದವರನ್ನು, 5 ದಿನಕ್ಕಿಂತ ಹೆಚ್ಚು ಏನೂ ತಿನ್ನದವರನ್ನು ಮೊದಲ ವಾರ ವಾರ್ಡಿನಲ್ಲಿಟ್ಟು, ದಿನವೂ ರಕ್ತ ನೋಡುತ್ತ ಊಟ ಏರಿಸಬೇಕು. ಮನೆಯಲ್ಲಿ ಊಟ ಶುರು ಮಾಡಿದ ಮೇಲೆ ಕಾಲು ಬಾತು, ಎದೆ ಬಡಿದು, ಏದುಸಿರು ಬಂದರೆ "ಮೈ ಹತ್ತಾಕತ್ತೈತಿ" ಎಂದು ಖುಷಿಪಡದೆ ಕೂಡಲೇ ತುರ್ತು ವಿಭಾಗಕ್ಕೆ ಹೊರಡಿ.

ಹಾಗೆಂದು ಭಯಪಟ್ಟು ತಿಂಗಳುಗಟ್ಟಲೆ ಗಂಜಿ ನೀರಿನಲ್ಲೇ ಇಡುವುದೂ ತಪ್ಪು. ಪರೀಕ್ಷೆಗಳು ಸರಿ ಇದ್ದರೆ ಊಟ ಬೇಗ ಏರಬೇಕು.

ಎಲ್ಲಿಗೆ ಹೋಗುವುದು

ಬೆಳಗಾವಿಯಲ್ಲಿ ಬಿಮ್ಸ್ ಜಿಲ್ಲಾ ಆಸ್ಪತ್ರೆ ಮತ್ತು ಕೆಎಲ್‌ಇಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇಯ ಶ್ರೀ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು ಆಸ್ಪತ್ರೆ ಮತ್ತು ಅಲ್-ಅಮೀನ್ ಮೆಡಿಕಲ್ ಕಾಲೇಜು ಆಸ್ಪತ್ರೆ. ಮೆಡಿಕಲ್ ಕಾಲೇಜನ್ನೇ ಹೇಳುವುದಕ್ಕೆ ಕಾರಣವಿದೆ. ಮೆಡಿಸಿನ್, ಮಕ್ಕಳ ವಿಭಾಗ, ಮನೋವೈದ್ಯಕೀಯ ಮೂರೂ ಒಂದೇ ಆವರಣದಲ್ಲಿರುತ್ತವೆ, ಒಂದು ವಿಭಾಗದ ಕಾಗದವನ್ನು ಇನ್ನೊಂದು ವಿಭಾಗಕ್ಕೆ ನೀವೇ ಕೈಯಲ್ಲಿ ಹಿಡಿದು ಒಯ್ಯಬಹುದು. ಇದಕ್ಕಿಂತ ಮೇಲಿನ ಸಲಹೆ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಅದಕ್ಕೂ ಮುಂದೆ ಬೆಂಗಳೂರಿನ ನಿಮ್ಹಾನ್ಸ್. ತಾಲ್ಲೂಕಿನಲ್ಲಿರುವವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತದೆಂದು ವಿಚಾರಿಸಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416 ಕನ್ನಡದಲ್ಲೇ ಮಾತಾಡುತ್ತದೆ, ದುಡ್ಡಿಲ್ಲ, ರಾತ್ರಿಯೂ ಸಿಗುತ್ತದೆ. ಅದು ಚಿಕಿತ್ಸೆಯ ಬದಲಿಗಲ್ಲ, ರಾತ್ರಿ ಹನ್ನೊಂದಕ್ಕೆ ತಟ್ಟೆ ಎಸೆದು ಅಳುತ್ತ ಕೂತಾಗ ಮನೆಯವರಿಗೆ ಆಧಾರ.

ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಕಳೆದ ಒಂದು ವರ್ಷದಲ್ಲಿ ತೂಕ ಹೇಗೆ ಬದಲಾಯಿತು, ಕೊನೆಯ ಮುಟ್ಟು ಯಾವಾಗ, ನಿನ್ನೆ ಬೆಳಿಗ್ಗೆಯಿಂದ ರಾತ್ರಿಯ ತನಕ ನಿಜವಾಗಿ ಏನೇನು ತಿಂದರು, ವಾಂತಿ ಅಥವಾ ಜುಲಾಬಿನ ಗುಮಾನಿ ಇದೆಯೇ, ಎಷ್ಟು ನಡೆಯುತ್ತಾರೆ, ಯಾವ ಗುಳಿಗೆ, ಚೂರ್ಣ, ಪುಡಿ ತೆಗೆದುಕೊಳ್ಳುತ್ತಿದ್ದಾರೆ. ಜುಲಾಬಿನ ಚೂರ್ಣವನ್ನು ಒಮ್ಮೆಲೇ ನಿಲ್ಲಿಸಿದರೆ ಕೆಲವು ದಿನ ಮುಖ-ಕಾಲು ಬಾತುಕೊಳ್ಳುತ್ತದೆ. ಅದು ನೀರು, ಕೊಬ್ಬಲ್ಲ ಎಂದು ಮೊದಲೇ ಹೇಳಿಡದಿದ್ದರೆ ರೋಗಿ ಗಾಬರಿಯಾಗಿ ಮತ್ತೆ ಅದಕ್ಕೇ ಮರಳುತ್ತಾರೆ. ಸಣ್ಣ ವಯಸ್ಸಿನಿಂದ ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳು ತೂಕ ಇಳಿಯಲೆಂದು ಡೋಸು ಬಿಡುತ್ತಿರುವ ಸಂಶಯ ಬಂದರೆ ಅವತ್ತೇ ಸಕ್ಕರೆ ಕಾಯಿಲೆಯ ಡಾಕ್ಟರಿಗೆ ತಿಳಿಸಿ, ಅದು ಕಾಯುವ ವಿಷಯವಲ್ಲ.

ವೈದ್ಯರನ್ನು ನೀವೂ ಪ್ರಶ್ನೆ ಕೇಳಬೇಕು. ಈ ಕಾಯಿಲೆಯವರನ್ನು ಮೊದಲು ನೋಡಿದ್ದೀರಾ? ತೂಕ ಮತ್ತು ನಾಡಿ ಪ್ರತಿ ವಾರ ಯಾರು ನೋಡುತ್ತಾರೆ? ಯಾವ ಹಂತದಲ್ಲಿ ವಾರ್ಡಿಗೆ ಸೇರಿಸುತ್ತೀರಿ? ಮೂವರೂ ವೈದ್ಯರು ಪರಸ್ಪರ ಮಾತಾಡುತ್ತೀರಾ? "ನೋಡಿಲ್ಲ, ಆದರೆ ಓದಿ, ನಿಮ್ಹಾನ್ಸಿನವರನ್ನು ಕೇಳಿ ಮಾಡೋಣ" ಎಂದವರು ಒಳ್ಳೆಯ ವೈದ್ಯರು. "ಮದುವಿ ಮಾಡ್ರಿ, ಎಲ್ಲಾ ಸರಿ ಹೋಗ್ತೈತಿ" ಎಂದವರ ಹತ್ತಿರ ಎರಡನೇ ಸಲ ಹೋಗಬೇಡಿ. ಮಾತಿನ ಚಿಕಿತ್ಸೆ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯೇ ನೋಡಿ. ಜಿಮ್ ತರಬೇತುದಾರ ಬರೆದ ಡಯಟ್ ಚಾರ್ಟು, ಶೇಕ್ ಮಾರುವ ನ್ಯೂಟ್ರಿಶನ್ ಕ್ಲಬ್ಬು ಇಲ್ಲಿ ಕೆಲಸಕ್ಕೆ ಬಾರವು. ಹಸಿವಿನ ಸಿರಪ್ಪೂ ಅಷ್ಟೇ. ಹಸಿವಿಲ್ಲದ್ದು ಈ ಕಾಯಿಲೆಯ ಮೂಲವಲ್ಲ, ಹಸಿದೂ ಉಣ್ಣಲು ಹೆದರುವುದು ಮೂಲ.

ಒಂದು ದಿನ ಹೇಗಿರಬೇಕು

ಬೆಳಿಗ್ಗೆ ಎಂಟೂವರೆಗೆ ನಾಡಿ, ಬಿಪಿ. ವಾರಕ್ಕೆ ಒಂದು ಅಥವಾ ಎರಡು ಸಲ ಮಾತ್ರ ತೂಕ. ಅದೇ ತಕ್ಕಡಿ, ಅದೇ ಹೊತ್ತು, ಮೂತ್ರಕ್ಕೆ ಹೋಗಿ ಬಂದ ಮೇಲೆ, ತೆಳುವಾದ ಬಟ್ಟೆಯಲ್ಲಿ, ಅಂಕಿಗೆ ಬೆನ್ನು ತಿರುಗಿಸಿ ನಿಂತು. ಅಂಕಿಯನ್ನು ರೋಗಿಗೆ ಹೇಳಬೇಕೋ ಬೇಡವೋ ಎಂಬುದು ಚಿಕಿತ್ಸಕರ ತೀರ್ಮಾನ, ಆದರೆ ಮನೆಯಲ್ಲಿ ಯಾರೂ ಅದನ್ನು ಜೋರಾಗಿ ಓದಬಾರದು. ನೀರೂ ತೂಕವಾಗಿ ಕಾಣುವುದರಿಂದ ಆಸ್ಪತ್ರೆಗಳಲ್ಲಿ ಮೂತ್ರದ ಸಾಂದ್ರತೆಯನ್ನೂ ನೋಡುತ್ತಾರೆ. ಮನೆಯ ತಕ್ಕಡಿಯನ್ನು ನೆಂಟರ ಮನೆಗೆ ಸಾಗಿಸಿಬಿಡಿ.

ಒಂಬತ್ತಕ್ಕೆ ನಾಷ್ಟಾ. ಹನ್ನೊಂದೂವರೆಗೆ ಸಣ್ಣ ತಿನಿಸು, ಒಂದೂವರೆಗೆ ಊಟ, ನಾಲ್ಕೂವರೆಗೆ ಚಹಾದ ಜೊತೆ ತಿನಿಸು, ಎಂಟಕ್ಕೆ ರಾತ್ರಿ ಊಟ, ಮಲಗುವ ಮುಂಚೆ ಹಾಲು. ಎರಡು ತಿನ್ನುವ ಹೊತ್ತಿನ ನಡುವೆ ಮೂರು-ನಾಲ್ಕು ತಾಸು ದಾಟಬಾರದು. ಊಟಕ್ಕೆ 30 ಮಿನಿಟು, ತಿನಿಸಿಗೆ 15 ಮಿನಿಟು, ಅಷ್ಟರಲ್ಲಿ ಮುಗಿಯಬೇಕು. ಮಿತಿ ಏಕೆಂದರೆ ಈ ಕಾಯಿಲೆಯಲ್ಲಿ ಒಂದು ರೊಟ್ಟಿಯನ್ನು ಸಾಸಿವೆ ಗಾತ್ರಕ್ಕೆ ಹರಿದು ಎರಡು ತಾಸು ಎಳೆಯುತ್ತಾರೆ, ಆರಿದ ಊಟ ಇನ್ನಷ್ಟು ಬೇಡವಾಗುತ್ತದೆ. ಮುಗಿಯದೆ ಉಳಿದದ್ದಕ್ಕೆ ಬದಲಾಗಿ ಆಹಾರ ತಜ್ಞರು ಹೇಳಿದಷ್ಟು ಗಟ್ಟಿ ಹಾಲಿನ ಪೇಯ ಕೊಡುವುದು ವಾಡಿಕೆ. ಅದು ಶಿಕ್ಷೆಯ ದನಿಯಲ್ಲಿ ಬರಬಾರದು.

ತಟ್ಟೆಯಲ್ಲಿ ಏನಿರಬೇಕು? ಅಳತೆಯನ್ನು ಆಹಾರ ತಜ್ಞರು ಬರೆದುಕೊಡಬೇಕು, ಬಡಿಸುವುದು ನೀವು. ರೋಗಿ ತಾನೇ ಬಡಿಸಿಕೊಳ್ಳುವುದು, ಅಡುಗೆಮನೆಯಲ್ಲಿ ನಿಂತು ಎಣ್ಣೆ ಅಳೆಯುವುದು ಮೊದಲ ಹಂತದಲ್ಲಿ ಬೇಡ. ನಮ್ಮ ಊಟದಲ್ಲಿ ಒಂದು ತೊಡಕಿದೆ. ಜೋಳದ ರೊಟ್ಟಿ ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಕೊಬ್ಬಿನ ಅಂಶ ಕಡಿಮೆ. ಜೊತೆಗೆ ಹಕ್ಕರಕಿ, ಮೂಲಂಗಿ, ಸವತಿಕಾಯಿ ಹಸಿಯಾಗಿ ಕಡಿದು, ತೆಳು ಮಜ್ಜಿಗೆ ಕುಡಿದರೆ ಹೊಟ್ಟೆ ಉಬ್ಬುತ್ತದೆಯೇ ಹೊರತು ಮೈಗೆ ಏನೂ ದಕ್ಕುವುದಿಲ್ಲ. ಸೊರಗಿದವರಿಗೆ ಇದನ್ನು ತಿರುಗಿಸಬೇಕು. ಎರಡು ರೊಟ್ಟಿಯಾದರೆ ಬಿಸಿಯಾಗಿ, ಮೇಲೆ ತುಪ್ಪ ಅಥವಾ ಬೆಣ್ಣೆ. ಶೇಂಗಾ ಚಟ್ನಿಯೋ ಗುರೆಳ್ಳು ಚಟ್ನಿಯೋ ಎರಡು ಚಮಚ, ಎಣ್ಣೆ ಹಾಕಿ ಕಲಸಿದ್ದು. ಒಂದು ಬಟ್ಟಲು ಝುಣಕ ಅಥವಾ ಮಡಿಕೆ ಕಾಳಿನ ಪಲ್ಯ. ಅನ್ನಕ್ಕೆ ಗಟ್ಟಿ ಮೊಸರು. ಹಸಿ ತರಕಾರಿ ಕೊನೆಗೆ, ಒಂದೆರಡು ತುಂಡು. ತಿನಿಸಿಗೆ ಬಾಳೆಹಣ್ಣು-ಹಾಲು, ಶೇಂಗಾ ಉಂಡಿ, ಹುರಿದ ಶೇಂಗಾ ಹಾಕಿದ ಅವಲಕ್ಕಿ. ಗೋಕಾಕದ ಅಥವಾ ಅಮೀನಗಡದ ಕರದಂಟು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ: ಬೆಲ್ಲ, ಅಂಟು, ಒಣಹಣ್ಣು ಸೇರಿ ಸಣ್ಣ ತುಂಡಿನಲ್ಲಿ ಬಹಳ ಶಕ್ತಿ, ಬಸ್ಸಿನಲ್ಲೂ ಒಯ್ಯಬಹುದು.

ಊಟಗಳ ನಡುವಿನ ಹೊತ್ತು ಮಾತಿನ ಚಿಕಿತ್ಸೆಗೆ, ಓದಿಗೆ, ಕೂತು ಮಾಡುವ ಕೆಲಸಕ್ಕೆ. ಓಡುವುದು, ಮಾಳಿಗೆ ಹತ್ತಿ ಇಳಿಯುವುದು, ನಿಂತೇ ಓದುವುದು ನಾಡಿ ಸರಿಯಾಗುವ ತನಕ ಬಂದ್. ಗರಡಿ ಉಸ್ತಾದರಿಗೂ ಸೈಕಲ್ ಕೋಚಿಗೂ ಈ ಮಾತನ್ನು ಮನೆಯವರು ಹೇಳುವುದಕ್ಕಿಂತ ವೈದ್ಯರ ಚೀಟಿ ಹೇಳಿದರೆ ನಡೆಯುತ್ತದೆ.

ಪ್ರಾಯೋಗಿಕವಾಗಿ ಇದನ್ನು ಹೊಂದಿಸುವುದು ಹೀಗೆ. ಆಸ್ಪತ್ರೆಗೆ ಹತ್ತಿರ ಇರುವವರು ವಾರಕ್ಕೆ ಎರಡು-ಮೂರು ದಿನ ಒಪಿಡಿಗೆ ಹೋಗಿ, ಒಂದು ದಿನ ದೇಹದ ಪರೀಕ್ಷೆ, ಒಂದು ದಿನ ಸೈಕಾಲಜಿಸ್ಟ್, ಹದಿನೈದು ದಿನಕ್ಕೊಮ್ಮೆ ಆಹಾರ ತಜ್ಞರು ಎಂದು ದಿನ ಗೊತ್ತು ಮಾಡಿಕೊಳ್ಳಲಿ. ಉಳಿದ ಊಟಗಳು ಮನೆಯಲ್ಲಿ, ಮೇಲಿನ ವೇಳಾಪಟ್ಟಿಯಂತೆ. ಇಂಡಿ, ಜಮಖಂಡಿ, ರಾಮದುರ್ಗದಂಥ ಊರಿನವರು ದಿನವೂ ಬಸ್ಸಿನಲ್ಲಿ ಓಡಾಡಬಾರದು. ದಾರಿಯಲ್ಲೇ ಒಂದು ತಿನಿಸು ತಪ್ಪುತ್ತದೆ, ದಣಿವು ಬೇರೆ. ಮೊದಲ ಆರೆಂಟು ವಾರ ಆಸ್ಪತ್ರೆಯ ಊರಲ್ಲಿರುವ ಸೋದರತ್ತೆಯ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ತಾಯಿ-ಮಗಳು ಉಳಿಯುವುದು ಖರ್ಚಿನಲ್ಲೂ ಅಗ್ಗ ಬಿದ್ದೀತು. ಹಾಸ್ಟೆಲಿನಲ್ಲಿದ್ದು ನೀಟ್ ಕೋಚಿಂಗ್ ಮಾಡುತ್ತಿದ್ದರೆ ಮನೆಗೆ ಕರೆತನ್ನಿ. ಮೆಸ್ಸಿನಲ್ಲಿ ಯಾರೂ ತಟ್ಟೆಯ ಎದುರು ಕೂರುವುದಿಲ್ಲ.

ಎದುರು ಕೂತವರು ಏನು ಮಾಡಬೇಕು

ಇದೇ ಚಿಕಿತ್ಸೆಯ ತಿರುಳು, ಎಲ್ಲರೂ ಎಡವುವುದೂ ಇಲ್ಲೇ. ಒಬ್ಬರು ಅಥವಾ ಇಬ್ಬರು ಮಾತ್ರ ಕೂರಬೇಕು. ದೊಡ್ಡ ಮನೆಯಲ್ಲಿ ಏಳು ಜನ ಸುತ್ತ ನಿಂತು "ತಿನ್ನs, ತಿನ್ನs" ಎಂದರೆ ಅದು ಪಂಚಾಯಿತಿ. ಕೂತವರೂ ಅದೇ ಊಟ ಉಣ್ಣಬೇಕು. ಮಗಳಿಗೆ ತುಪ್ಪ ಹಾಕಿ, ತಾನು "ನನಗ ಬಿಪಿ ಐತಿ" ಎಂದು ಬರೀ ಕಡಕ್ ರೊಟ್ಟಿ ಮುರಿಯುವ ತಾಯಿ ಬಾಯಿ ಬಿಡದೆಯೇ ಏನೋ ಹೇಳಿದಂತಾಗುತ್ತದೆ.

ಮಾತು ಕಡಿಮೆ, ದನಿ ತಗ್ಗಿ, ಹೇಳಿದ್ದನ್ನೇ ಹೇಳಬೇಕು. ಮಗಳು "ಯವ್ವಾ, ಸಾಕಾತು. ಹೊಟ್ಟಿ ಉಬ್ಬೇತಿ" ಎನ್ನುತ್ತಾಳೆ. "ಉಬ್ಬಿದ್ದು ಖರೇನ ಐತಿ ಮಗಳ. ಡಾಕ್ಟರು ಹೇಳ್ಯಾರಲ್ಲ, ಉಣಕೋತ ಹೋದಂಗ ಇಳಿತೈತಿ. ನಾ ಇಲ್ಲೇ ಕುಂತೀನಿ, ಇನ್ನೊಂದು ತುತ್ತು ತೊಗೊ." ಇಷ್ಟೇ. ಹೊಟ್ಟೆ ಉಬ್ಬುವುದು ನಾಟಕವಲ್ಲ. ಹಸಿದ ಹೊಟ್ಟೆ ಬಹಳ ನಿಧಾನ ಖಾಲಿಯಾಗುತ್ತದೆ, ಸರಿಹೋಗಲು ವಾರಗಳು ಬೇಕು, ಸರಿಮಾಡುವುದು ಊಟವೇ. ಬಿಸಿನೀರಿನ ಚೀಲ ಹೊಟ್ಟೆಯ ಮೇಲಿಟ್ಟರೆ ಹಾಯೆನಿಸುತ್ತದೆ.

ಚೌಕಾಶಿಗೆ ಇಳಿಯಬೇಡಿ. "ಹೋಗ್ಲಿ, ಅರ್ಧಾರ ತಿನ್ನು" ಎಂದ ದಿನದಿಂದ ಅರ್ಧವೇ ಪೂರ್ತಿಯಾಗುತ್ತದೆ. ಆಣೆ ಹಾಕಿಸುವುದು ಬೇಡ, ಮುರಿದಾಗ ಕಾಯಿಲೆಯ ಜೊತೆ ಪಾಪದ ಭಾರವೂ ಸೇರುತ್ತದೆ. "ನೀ ಉಣ್ಣುಮಟ ನಾನೂ ಉಪಾಸ" ಎಂದು ಕೂರುವ ಅವ್ವ-ಅಜ್ಜಿಯರ ಪ್ರೀತಿ ದೊಡ್ಡದು, ಆದರೆ ಉಪವಾಸದಿಂದ ಇನ್ನೊಬ್ಬರನ್ನು ಗೆಲ್ಲಬಹುದು ಎಂಬ ಪಾಠವನ್ನು ಅದು ಕಲಿಸುತ್ತದೆ. ತಟ್ಟೆ ಎಸೆದರೆ ಇನ್ನೊಂದು ತಟ್ಟೆ ಬಡಿಸಿ. ಬೈಗುಳ ಬೇಡ, ಬೈಯಬೇಕೆನಿಸಿದರೆ ಎದ್ದು ಹೋಗಿ ಅಪ್ಪನನ್ನೋ ಅಕ್ಕನನ್ನೋ ಕಳಿಸಿ. ಊಟದ ಹೊತ್ತಿನಲ್ಲಿ ತೂಕ, ಚೆಲುವು, ಡಯಟ್, ಕನ್ಯೆ ನೋಡಲು ಬರುವವರ ಮಾತು ಬೇಡವೇ ಬೇಡ. ಕ್ರಿಕೆಟ್, ಧಾರಾವಾಹಿ, ಓಣಿಯ ಸುದ್ದಿ ಆದೀತು.

ಹೊಗಳಿಕೆಯಲ್ಲೂ ಎಚ್ಚರ ಬೇಕು. "ಮೈ ತುಂಬಕೊಂಡಿ ನೋಡು, ಈಗ ಚಂದ ಕಾಣ್ತಿ" ಎಂಬುದು ನಮ್ಮ ಕಡೆ ಆಶೀರ್ವಾದ, ಆ ಕಿವಿಗೆ ಅದು "ದಪ್ಪ ಆದಿ" ಎಂದೇ ಕೇಳಿಸುತ್ತದೆ. ಬರುವ ನೆಂಟರಿಗೆ ಬಾಗಿಲಲ್ಲೇ ಹೇಳಿಡಿ: "ಆಕಿ ಮೈ ಬಗ್ಗೆ ಏನೂ ಅನಬ್ಯಾಡ್ರಿ, ಡಾಕ್ಟರು ಬ್ಯಾಡ ಅಂದಾರ."

ಊಟ ಮುಗಿದ ಮೇಲೆ ಒಂದು ತಾಸು ಜೊತೆಗೇ ಇರಬೇಕು, ವಾಂತಿ ಮಾಡಿಕೊಳ್ಳುವವರಾದರೆ ತಪ್ಪದೆ. ಬಚ್ಚಲಿಗೆ ಊಟಕ್ಕೆ ಮುಂಚೆಯೇ ಹೋಗಿ ಬರಲಿ. ಆ ಒಂದು ತಾಸು ಪಹರೆಯಂತಾಗದೆ ಕವಡೆ ಆಡುವುದು, ಹೂ ಕಟ್ಟುವುದು, ಹೊಲಿಗೆ, ಮೊಬೈಲಿನಲ್ಲಿ ಏನಾದರೂ ನೋಡುವುದು, ಹೀಗೆ ಕೈಗೆ ಕೆಲಸವಿರಲಿ. ಅಪರಾಧ ಭಾವದ ಅಲೆ ಏರಿ ತಾನಾಗಿಯೇ ಇಳಿಯಲು ಅಷ್ಟು ಹೊತ್ತು ಬೇಕು. ವಾಂತಿ ಆಗಿಯೇ ಬಿಟ್ಟರೆ ಕೂಡಲೇ ಹಲ್ಲು ಉಜ್ಜಬಾರದು. ಆಮ್ಲದಿಂದ ಮೆತ್ತಗಾದ ದಂತಕವಚ ಬ್ರಷ್ಷಿಗೆ ಸವೆಯುತ್ತದೆ, ಅಡುಗೆ ಸೋಡಾ ಕದಡಿದ ನೀರಿನಿಂದ ಬಾಯಿ ಮುಕ್ಕಳಿಸಲಿ.

ಬುಲಿಮಿಯಾ, ಬಿಂಜ್ ಇರುವವರ ಮೇಜು ಬೇರೆ. ಅಲ್ಲಿ ತಿನ್ನಿಸುವ ಹಟ ಬೇಡ, ಹೊತ್ತು ತಪ್ಪದಿರುವುದೇ ಚಿಕಿತ್ಸೆ. ರಾತ್ರಿ ಹೆಚ್ಚು ತಿಂದೆನೆಂದು ಮರುದಿನ ನಾಷ್ಟಾ ಬಿಟ್ಟರೆ ಸಂಜೆ ಮತ್ತೆ ಹಿಡಿತ ತಪ್ಪುತ್ತದೆ. ಈ ಸುತ್ತನ್ನು ಕಡಿಯುವ ಜಾಗ ಬೆಳಗಿನ ನಾಷ್ಟಾ. ಕಪಾಟಿಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ನಾಚಿಕೆ ಹೆಚ್ಚುತ್ತದೆ, ಕಾಯಿಲೆ ಅಲ್ಲೇ ಇರುತ್ತದೆ.

ಮಾತಿನ ಚಿಕಿತ್ಸೆ, ಔಷಧಿ

ಹದಿಹರೆಯದ ಅನೊರೆಕ್ಸಿಯಾಕ್ಕೆ ಮೊದಲ ಆಯ್ಕೆ ಕುಟುಂಬ ಆಧಾರಿತ ಚಿಕಿತ್ಸೆ, ಲಂಡನ್ನಿನ ಮಾಡ್ಸ್ಲೆ ಆಸ್ಪತ್ರೆಯಲ್ಲಿ ಹುಟ್ಟಿದ್ದು. ಮೂರು ಹಂತ: ಮೊದಲು ಊಟದ ಜವಾಬ್ದಾರಿ ಪೂರ್ತಿ ತಂದೆತಾಯಿಯದು, ತೂಕ ಮರಳುತ್ತಿದ್ದಂತೆ ಸ್ವಲ್ಪ ಸ್ವಲ್ಪ ಮಗುವಿನ ಕೈಗೆ, ಕೊನೆಗೆ ವಯಸ್ಸಿಗೆ ತಕ್ಕ ಬೇರೆ ವಿಷಯಗಳು. ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ದೊಡ್ಡವರಿಗೆ ಸಿಬಿಟಿ-ಇ (ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ), ಸಾಮಾನ್ಯವಾಗಿ 20 ವಾರದಲ್ಲಿ 20 ಭೇಟಿ, ತೂಕ ಬಹಳ ಇಳಿದಿದ್ದರೆ ಸುಮಾರು 40. ಬಹಳ ಸೊರಗಿದ ಮಿದುಳಿಗೆ ಆಳವಾದ ಮಾತು ಹತ್ತುವುದಿಲ್ಲ. ಆದ್ದರಿಂದ "ಮೊದಲು ಮನಸ್ಸು ಸರಿಹೋಗಲಿ, ಆಮೇಲೆ ಊಟ" ಎಂಬ ಕ್ರಮ ತಲೆಕೆಳಗಾದದ್ದು.

ಅನೊರೆಕ್ಸಿಯಾವನ್ನೇ ಗುಣಪಡಿಸುವ ಗುಳಿಗೆ ಇಲ್ಲ. ಬುಲಿಮಿಯಾಕ್ಕೆ ಫ್ಲುಯೊಕ್ಸೆಟಿನ್ ದಿನಕ್ಕೆ 60 ಮಿಲಿಗ್ರಾಂ ತನಕ ಕೊಡುತ್ತಾರೆ, ಖಿನ್ನತೆಗೆ ಕೊಡುವ 20ಕ್ಕಿಂತ ಹೆಚ್ಚು, ವೈದ್ಯರೇ ಏರಿಸಬೇಕು. ಬುಪ್ರೊಪಿಯಾನ್ ಎಂಬ ಔಷಧಿ ಅನೊರೆಕ್ಸಿಯಾ, ಬುಲಿಮಿಯಾ ಇರುವವರಿಗೆ ಕೂಡದು, ಫಿಟ್ಸ್ ಬರಬಹುದು. ಚೀಟಿಯಲ್ಲಿ ಆ ಹೆಸರಿದ್ದರೆ ಕೇಳಿ. ಮುಟ್ಟು ಬರಲೆಂದು ಕೊಡುವ ಹಾರ್ಮೋನು ಗುಳಿಗೆಯಿಂದ ರಕ್ತ ಕಾಣಿಸಿಕೊಂಡೀತು, ಆದರೆ ಎಲುಬು ಗಟ್ಟಿಯಾಗುವುದಿಲ್ಲ, ದೇಹ ಸುಧಾರಿಸಿತೆಂಬ ಸುಳ್ಳು ಸಮಾಧಾನ ಮಾತ್ರ. ಎಲುಬಿಗೂ ಮುಟ್ಟಿಗೂ ಮದ್ದು ತೂಕವೇ.

ಶ್ರಾವಣ, ರಂಜಾನ್, ಮದುವೆ ಮನೆ

ಶ್ರಾವಣ ಸೋಮವಾರ, ಏಕಾದಶಿ, ಸಂಕಷ್ಟಿ, ನವರಾತ್ರಿ: ಕಾಯಿಲೆಗೆ ಇವು ಒಳ್ಳೆಯ ಮರೆ. ಮನೆಯಲ್ಲಿ ಯಾರೂ ಹಿಡಿಯದ ಉಪವಾಸವನ್ನು ಮಗಳು ಹೊಸದಾಗಿ ಹಿಡಿದರೆ ಭಕ್ತಿ ಎಂದುಕೊಳ್ಳುವ ಮುಂಚೆ ಯೋಚಿಸಿ. ಚಿಕಿತ್ಸೆ ಮುಗಿಯುವ ತನಕ ಉಪವಾಸವಿಲ್ಲ. ಪೂಜೆ, ಅಭಿಷೇಕ, ಹೂವು-ಪತ್ರಿ ಎಲ್ಲ ಇರಲಿ. ರೋಜಾ ಹಿಡಿಯುವ ಮನೆಗಳಲ್ಲಿ, ಕಾಯಿಲೆಯವರಿಗೆ ವಿನಾಯಿತಿ ಇರುವುದನ್ನು ಮನೆಯ ಹಿರಿಯರೋ ಮಸೀದಿಯ ಮೌಲಾನಾರೋ ಹೇಳಿದರೆ ಮಕ್ಕಳ ಮನಸ್ಸು ಹಗುರಾಗುತ್ತದೆ. ಮದುವೆ, ಜಾತ್ರೆಗಳಿಗೆ ಹೋಗುವುದಾದರೆ ಏನು ಉಣ್ಣಬೇಕು, ಯಾರ ಪಕ್ಕ ಕೂರಬೇಕು ಎಂದು ಹಿಂದಿನ ದಿನವೇ ಮಾತಾಡಿಕೊಳ್ಳಿ. ಊಟದ ಪಂಕ್ತಿ ತಡವಾಗುವುದು ಗ್ಯಾರಂಟಿ, ಆದ್ದರಿಂದ ಚೀಲದಲ್ಲಿ ತಿನಿಸು ಇರಲಿ.

ದುಡ್ಡು, ಕಾಗದ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಕಲಮು ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕು ಎನ್ನುತ್ತದೆ. 2018ರ ಮೇ 29ರಿಂದ ಅದು ಜಾರಿಯಲ್ಲಿದೆ. ತೊಡಕು ಬೇರೆ ಕಡೆ ಇದೆ: ಬಹಳ ಪಾಲಿಸಿಗಳು 24 ತಾಸು ದಾಖಲಾದರೆ ಮಾತ್ರ ದುಡ್ಡು ಕೊಡುತ್ತವೆ, ಹಗಲು ಬಂದು ಹೋಗುವ ಚಿಕಿತ್ಸೆ ಒಪಿಡಿ ಲೆಕ್ಕಕ್ಕೆ ಬೀಳುತ್ತದೆ. ಶುರು ಮಾಡುವ ಮುಂಚೆ ವಿಮಾ ಕಂಪನಿಗೆ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ತೆಗೆದುಕೊಳ್ಳಿ. ದಾಖಲಾಗುವುದಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕಕ್ಕಾಗಿ ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಯಾವ ಪ್ಯಾಕೇಜಿಗೆ ಸೇರುತ್ತದೆಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. 18 ತುಂಬದವರನ್ನು ಮನೋವೈದ್ಯಕೀಯ ವಾರ್ಡಿಗೆ ಸೇರಿಸಿದರೆ ದೊಡ್ಡವರ ಜೊತೆ ಮಲಗಿಸುವಂತಿಲ್ಲ, ಮನೆಯವರೊಬ್ಬರೋ ಅವರು ಗೊತ್ತುಮಾಡಿದವರೋ ಪೂರ್ತಿ ಅವಧಿ ಜೊತೆಗಿರಬೇಕು, ಹೆಣ್ಣುಮಗುವಾದರೆ ಜೊತೆಗೆ ಹೆಂಗಸೇ ಇರಬೇಕು. ಇದೂ ಅದೇ ಕಾಯ್ದೆಯ ಮಾತು.

ಯಾವಾಗ ಸಡಿಲಿಸುವುದು

ವಾರಕ್ಕೆ ಅರ್ಧ ಕಿಲೋ ಆಸುಪಾಸು ತೂಕ ಏರುತ್ತಿದ್ದರೆ ದಾರಿ ಸರಿ ಇದೆ. ಎರಡು-ಮೂರು ವಾರ ಕದಲದಿದ್ದರೆ ತಟ್ಟೆ ಸಾಲದು ಅಥವಾ ಎಲ್ಲೋ ಸೋರುತ್ತಿದೆ. ಮೊದಲು ಸೋರುವುದನ್ನು ನೋಡಿ: ಶಾಲೆಯ ಡಬ್ಬಿ, ಕಿಟಕಿ, ಬೆಳಗಿನ ಜಾವದ ಬಸ್ಕಿ, ಅಕ್ಕರೆಯ ಅಜ್ಜಿ. ಆಮೇಲೆ ಆಹಾರ ತಜ್ಞರ ಬಳಿ ಅಳತೆ ಏರಿಸಿಕೊಳ್ಳಿ. ಮೈ ಚೇತರಿಸುವಾಗ ಹಸಿದ ದೇಹ ಹೆಚ್ಚು ಸುಡುತ್ತದೆ, ಮೊದಲು ಸಾಕಾಗುತ್ತಿದ್ದ ಊಟ ಆಮೇಲೆ ಸಾಲದಾಗುವುದು ಸಹಜ. ತೂಕ ಇಳಿಯುತ್ತಲೇ ಹೋದರೆ, ನಾಡಿ ಮತ್ತೆ 50ರ ಕೆಳಗೆ ಬಂದರೆ, ಮನೆಯವರು ದಣಿದು ಕುಸಿದರೆ ವಾರ್ಡು. ಅದು ಸೋಲಲ್ಲ, ಹಗಲು ಚಿಕಿತ್ಸೆಯ ಒಂದು ಬಾಗಿಲು ಯಾವಾಗಲೂ ಆ ಕಡೆಗೆ ತೆರೆದಿರಬೇಕು.

ಸಡಿಲಿಸುವಾಗ ಒಂದೊಂದೇ ಊಟ ಬಿಟ್ಟುಕೊಡಿ. ಮೊದಲು ಬೆಳಗಿನ ತಿನಿಸು ಒಬ್ಬರೇ, ಎರಡು ವಾರ ತೂಕ ನಿಂತರೆ ಶಾಲೆಯ ಮಧ್ಯಾಹ್ನದ ಊಟ ಗೆಳತಿಯ ಅಥವಾ ಟೀಚರ ಜೊತೆ, ರಾತ್ರಿ ಊಟ ಎಲ್ಲಕ್ಕಿಂತ ಕೊನೆಗೆ. ಪಿಯುಸಿ ಪರೀಕ್ಷೆ ಹತ್ತಿರ ಬಂತೆಂದು ಒಮ್ಮೆಲೇ ಎಲ್ಲ ಬಿಟ್ಟುಕೊಟ್ಟವರ ಮನೆಯಲ್ಲಿ ಮಾರ್ಚ್ ತಿಂಗಳಲ್ಲೇ ತೂಕ ಜಾರುತ್ತದೆ. ತೂಕ ಮರಳಿದ ಮೇಲೂ ಒಂದು ವರ್ಷ ತಿಂಗಳಿಗೊಮ್ಮೆ ನಾಡಿ, ಬಿಪಿ, ತೂಕ ನೋಡಿಸಿ, ಒಂದೇ ನೋಟ್‌ಬುಕ್ಕಿನಲ್ಲಿ ದಿನಾಂಕದೊಂದಿಗೆ ಬರೆದಿಡಿ. ಬೇರೆ ಊರಿನ ಕಾಲೇಜಿಗೆ ಸೇರುವ ದಿನ ಬಂದರೆ ಆ ನೋಟ್‌ಬುಕ್ಕಿನ ಝೆರಾಕ್ಸ್ ಅಲ್ಲಿನ ವೈದ್ಯರ ಕೈಗೆ ಮೊದಲು ತಲುಪಲಿ, ಹಾಸ್ಟೆಲ್ಲಿನ ಫೀ ಆಮೇಲೆ ಕಟ್ಟಿ.